ವೇಗಕ್ಕೆ ತೆತ್ತ ಬೆಲೆ



2022ರ ಮೇ ತಿಂಗಳಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಹಳೆಯ ಕಾರೊಂದು 13.5 ಕೋಟಿ ಯೂರೋಗಳಿಗೆ ಹರಾಜಾಯಿತು. ಅದು 1955ರಲ್ಲಿ ತಯಾರಾದ ಮರ್ಸಿಡಿಸ್-ಬೆಂಜ್ 300 ಎಸ್‌ಎಲ್‌ಆರ್ ಮಾದರಿಯ, ಮೇಲೆ ಛಾವಣಿಯಿರುವ ಕಾರು. ಅಂಥವನ್ನು ತಯಾರಿಸಿದ್ದು ಎರಡೇ. ವಿಚಿತ್ರವೆಂದರೆ, ಅದು ಒಂದು ಪಂದ್ಯದಲ್ಲೂ ಓಡಿದ್ದಲ್ಲ. ಹಾಗಾದರೆ ಇಷ್ಟೊಂದು ಬೆಲೆ ಏಕೆ? ಅದೇ ಮಾದರಿಯ ತೆರೆದ ಕಾರುಗಳ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

1955ರ ಮೇ 1ರಂದು ಇಟಲಿಯಲ್ಲಿ ‘ಮಿಲ್ಲೆ ಮಿಲ್ಯಾ’, ಅಂದರೆ ‘ಸಾವಿರ ಮೈಲಿ’ ಎಂಬ ಪಂದ್ಯ ನಡೆಯಿತು. ಬ್ರೆಷಾ ನಗರದಿಂದ ಹೊರಟು, ರೋಮ್ ಮುಟ್ಟಿ, ಮತ್ತೆ ಬ್ರೆಷಾಗೆ ಮರಳಬೇಕು. ಓಟವೆಲ್ಲ ಊರುಕೇರಿಗಳನ್ನು ಹಾಯ್ದು ಹೋಗುವ ಸಾಮಾನ್ಯ ರಸ್ತೆಗಳಲ್ಲೇ. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಹೊರಟದ್ದು ಬೆಳಿಗ್ಗೆ 7 ಗಂಟೆ 22 ನಿಮಿಷಕ್ಕೆ. ಆ ಹೊತ್ತೇ ಅವರ ಕಾರಿನ ಸಂಖ್ಯೆಯೂ ಆಗಿತ್ತು: 722.

ಪಕ್ಕದಲ್ಲಿ ಕುಳಿತವರು ಪತ್ರಕರ್ತ ಡೆನಿಸ್ ಜೆಂಕಿನ್‌ಸನ್. ಇಬ್ಬರೂ ಮೊದಲೇ ಆ ದಾರಿಯಲ್ಲಿ ಓಡಾಡಿ ಅಪಾಯದ ತಿರುವು, ದಿಬ್ಬಗಳನ್ನು ಬರೆದುಕೊಂಡಿದ್ದರು. ಆ ಟಿಪ್ಪಣಿಯ ಉದ್ದನೆಯ ಕಾಗದವನ್ನು ಪುಟ್ಟ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿಟ್ಟು, ಜೆಂಕಿನ್‌ಸನ್ ಅದನ್ನು ತಿರುಗಿಸುತ್ತ ಓದುತ್ತಿದ್ದರು. ಎಂಜಿನ್ನಿನ ಆರ್ಭಟದಲ್ಲಿ ಮಾತು ಕೇಳಿಸದು. ಮುಂದಿನ ತಿರುವು ಎಂಥದೆಂದು ಕೈಸನ್ನೆಯಲ್ಲೇ ತಿಳಿಸಬೇಕು. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಅವರು ಓಟ ಮುಗಿಸಿದರು. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರಿಗೂ ಹೆಚ್ಚು. ಆ ಪಂದ್ಯದಲ್ಲಿ ಈ ದಾಖಲೆಯನ್ನು ಮುಂದೆ ಯಾರೂ ಮುರಿಯಲಿಲ್ಲ. ಧೈರ್ಯದಷ್ಟೇ ಪೂರ್ವಸಿದ್ಧತೆಯೂ ಗೆದ್ದ ದಿನ ಅದು.

ಒಂದೂವರೆ ತಿಂಗಳೂ ಕಳೆಯಲಿಲ್ಲ. ಜೂನ್ 11ರಂದು ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆಗಳ ಪಂದ್ಯ. ಪಿಯೆರ್ ಲೆವೆ ಓಡಿಸುತ್ತಿದ್ದ 300 ಎಸ್‌ಎಲ್‌ಆರ್, ಮುಂದಿದ್ದ ಕಾರಿಗೆ ಬಡಿದು ಮೇಲಕ್ಕೆ ಹಾರಿತು. ಪ್ರೇಕ್ಷಕರಿಗೂ ಓಟದ ಹಾದಿಗೂ ನಡುವೆ ಇದ್ದದ್ದು ಮಣ್ಣಿನ ಏರಿ ಮಾತ್ರ. ಕಾರಿನ ಭಾಗಗಳು ಜನಸಂದಣಿಯೊಳಗೆ ನುಗ್ಗಿದವು. ಲೆವೆಯವರ ಜೊತೆಗೆ 80ಕ್ಕೂ ಹೆಚ್ಚು ಪ್ರೇಕ್ಷಕರು ಪ್ರಾಣ ಕಳೆದುಕೊಂಡರು.

ಮೆಗ್ನೀಸಿಯಂ ಪಟ್ಟಿ ಕಣ್ಣು ಕುಕ್ಕುವಂತೆ ಉರಿಯುವುದನ್ನು ನೀವು ಪ್ರಯೋಗಶಾಲೆಯಲ್ಲಿ ನೋಡಿರಬಹುದು. ಈ ಕಾರಿನ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು. ತೂಕ ಕಡಿಮೆ, ಆದ್ದರಿಂದ ವೇಗ ಹೆಚ್ಚು. ಆದರೆ ಒಮ್ಮೆ ಹೊತ್ತಿಕೊಂಡರೆ ನೀರು ಸುರಿದಷ್ಟೂ ಉರಿ ಏರುತ್ತದೆ. ಗೆಲುವಿಗೆ ನೆರವಾದ ಲೋಹವೇ ಅಂದು ಬೆಂಕಿಗೆ ಆಹಾರವಾಯಿತು.

ಆ ರಾತ್ರಿಯೇ ಮರ್ಸಿಡಿಸ್ ತಂಡ ಪಂದ್ಯದಿಂದ ಹಿಂದೆ ಸರಿಯಿತು. ವರ್ಷದ ಕೊನೆಗೆ ಕಾರು ಪಂದ್ಯಗಳನ್ನೇ ಬಿಟ್ಟಿತು. ಮುಂದಿನ ಋತುವಿಗೆಂದು ಸಿದ್ಧವಾಗಿದ್ದ ಛಾವಣಿಯ ಕಾರುಗಳು ಹಾಗೆಯೇ ಉಳಿದವು. 1957ರಲ್ಲಿ ಮಿಲ್ಲೆ ಮಿಲ್ಯಾದಲ್ಲೂ ಅಪಘಾತವಾಗಿ ಮಕ್ಕಳೂ ಸೇರಿದಂತೆ ಒಂಬತ್ತು ಪ್ರೇಕ್ಷಕರು ಸತ್ತರು. ವೇಗದ ಪಂದ್ಯವಾಗಿ ಅದೂ ಅಲ್ಲಿಗೆ ನಿಂತಿತು.

ಹರಾಜಿನ ಹಣವನ್ನು ಕಂಪನಿ ಯುವಜನರ ವಿದ್ಯಾರ್ಥಿವೇತನದ ನಿಧಿಗೆ ಮೀಸಲಿಟ್ಟಿತು. ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗುವಿರಿ. ಯಂತ್ರದ ವೇಗ ಹೆಚ್ಚಿಸುವುದು ನಿಮ್ಮ ಅರ್ಧ ಕೆಲಸ ಮಾತ್ರ. ಬದಿಯಲ್ಲಿ ನಿಂತು ನೋಡುವವರನ್ನು ಕಾಪಾಡುವುದು ಉಳಿದರ್ಧ ಎಂಬುದನ್ನು ಮರೆಯಬೇಡಿ.