ಬಿಡಿಸಿ ತಂದರೆ ಸಾಲದು

(ಮಾಧವರಂ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಹೋಟೆಲಿನಲ್ಲಿ ಲೋಟ ತೊಳೆದು ದೊಡ್ಡವರಾದವರು. ಹೆಚ್ಚಿನ ಓದು ನಮ್ಮದಲ್ಲ. ಆದರೆ ಮುಂಗಡವೆಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಊರಿನಲ್ಲಿ ತಂದೆಯ ಕೈಗೆ ಹಣ ಬೀಳುತ್ತದೆ. ಇಲ್ಲಿ ಮಗನ ಕಾಲಿಗೆ ಹಗ್ಗ ಬೀಳುತ್ತದೆ.

ಪಕ್ಕದ ತಿರುವಳ್ಳೂರು ಜಿಲ್ಲೆಯ ಇಟ್ಟಿಗೆ ಗೂಡುಗಳಿಂದಲೂ ಅಕ್ಕಿ ಗಿರಣಿಗಳಿಂದಲೂ ಅಧಿಕಾರಿಗಳು ಜೀತದಾಳುಗಳನ್ನು ಬಿಡಿಸಿದ್ದುಂಟು. ಬಿಡಿಸಿದ ದಿನ ಎಲ್ಲರಿಗೂ ಸಂತೋಷವೇ. ಆದರೆ ಮರುದಿನದ ಗಂಜಿಗೆ ಏನು ದಾರಿ?

ಈ ಪ್ರಶ್ನೆಯನ್ನು 1982ರಲ್ಲಿ ನೀರಜಾ ಚೌಧರಿ ಎಂಬ ಪತ್ರಕರ್ತೆ ಕೇಳಿದರು. ಫರೀದಾಬಾದಿನ ಕಲ್ಲುಗಣಿಗಳಿಂದ ಬಿಡುಗಡೆಯಾದ ಸುಮಾರು 135 ಮಂದಿಯನ್ನು ಅವರ ಹಳ್ಳಿಗಳಿಗೆ ಕಳಿಸಲಾಗಿತ್ತು. ಕೆಲವು ತಿಂಗಳ ಮೇಲೆ ಆಕೆ ಅಲ್ಲಿಗೇ ಹೋಗಿ ವಿಚಾರಿಸಿದರು. ಕೊಟ್ಟ ಮಾತು ನಡೆದಿರಲಿಲ್ಲ. ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. ಪುನರ್ವಸತಿಯಿಲ್ಲದ ಬಿಡುಗಡೆ ಜನರನ್ನು ಮತ್ತೆ ಜೀತಕ್ಕೇ ತಳ್ಳುತ್ತದೆ ಎಂದು ಕೋರ್ಟು 1984ರಲ್ಲಿ ಹೇಳಿತು. ಸಮಾಜ ಸೇವೆಯ ಸಂಶೋಧನೆ ಎಂದು ವಿದ್ವಾಂಸರು ಕರೆಯುವುದು ಇದನ್ನೇ: ನೊಂದವನ ಬಾಗಿಲಿಗೆ ಎರಡನೆಯ ಸಲ ಹೋಗಿ ಕೇಳುವುದು.

ಜೀತ ಪದ್ಧತಿ ರದ್ದು ಮಾಡಿದ 1976ರ ಕಾನೂನಿನಲ್ಲಿ ಮೂರು ಮಾತು ನೆನಪಿಡಿ. ಜೀತದ ಸಾಲ ತೀರಿಹೋದಂತೆಯೇ. ಯಾರೂ ವಸೂಲು ಮಾಡುವಂತಿಲ್ಲ. ಅದು ಜೀತದ ಸಾಲವಲ್ಲವೆಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು, ಆಳಲ್ಲ. ಪ್ರತಿ ಜಿಲ್ಲೆಯಲ್ಲೂ ಜಾಗೃತ ಸಮಿತಿ ಇರತಕ್ಕದ್ದು. ಮೇಲಾಗಿ 2016ರ ಕೇಂದ್ರ ಯೋಜನೆಯಂತೆ ಗಂಡಾಳಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ ರೂಪಾಯಿ ಪುನರ್ವಸತಿ ಹಣವಿದೆ. ತಕ್ಷಣದ ನೆರವು 2022ರಿಂದ 30,000 ರೂಪಾಯಿವರೆಗೆ. ದೊಡ್ಡ ಮೊತ್ತ ಮಾತ್ರ ಮೊಕದ್ದಮೆಯ ಫಲಕ್ಕೆ ಕಟ್ಟುಬಿದ್ದಿದೆ.

ಆದ್ದರಿಂದ ಬಿಡುಗಡೆ ಪತ್ರವಿಲ್ಲದೆ ಯಾರನ್ನೂ ಊರಿನ ಬಸ್ಸು ಹತ್ತಿಸಬೇಡಿ. ಪತ್ರ ಬೇಕಾದರೆ ಹೇಳಿಕೆ ಸರಿಯಾಗಿರಬೇಕು. ಮುಂಗಡವೆಷ್ಟು, ಕೂಲಿಯೆಷ್ಟು, ಹೊರಗೆ ಹೋಗಲು ಬಿಡುತ್ತಿದ್ದರೇ, ಹೊಡೆದರೇ—ಎಲ್ಲವೂ ಬರೆದಿರಬೇಕು. ರಾಯಚೂರಿನ ಹುಡುಗ ಕನ್ನಡದಲ್ಲಿ ಅಳುತ್ತಾನೆ, ಗುಮಾಸ್ತರು ತಮಿಳಿನಲ್ಲಿ ಬರೆಯುತ್ತಾರೆ. ನಡುವೆ ನಿಲ್ಲಬೇಕಾದವರು ಎರಡೂ ಬಲ್ಲ ನಾವು. ಅಧಿಕಾರಿಗಳ ಮುಂದೆ ಅವನ ಮಾತನ್ನು ಕೂಡಿಸದೆ ಕಳೆಯದೆ ಹೇಳೋಣ. ಬರೆದುದನ್ನು ಅವನಿಗೆ ಕನ್ನಡದಲ್ಲಿ ಓದಿ ತಿಳಿಸಿದ ಮೇಲೆಯೇ ರುಜು.

ಸಂಘದಲ್ಲಿ ಒಂದು ಪುಸ್ತಕವಿಡೋಣ. ಹೆಸರು, ಪತ್ರ ಬಂದ ದಿನ, ಹಣ ಬಂದ ದಿನ. ಆರು ತಿಂಗಳ ಮೇಲೆ ಆತ ಎಲ್ಲಿದ್ದಾನೆ. ಹೆಸರು ಊರುಗಳನ್ನು ಗುಟ್ಟಾಗಿಡೋಣ. ಮರುಕ ಸಾಕು ಬಂಧುಗಳೇ. ಅವನಿಗೆ ಸಲ್ಲಬೇಕಾದ್ದು ಸಲ್ಲುವವರೆಗೆ ಲೆಕ್ಕ ಮುಗಿಸದಿರೋಣ.