ಮಾವಿನ ಮರಕ್ಕೆ ಬಂದಳಿಕೆಯ ಬಾಧೆ



ಬಂದಳಿಕೆಯು ಹಸುರೆಲೆಯುಳ್ಳ ಗಿಡವಾದುದರಿಂದ ಬಿಸಿಲಿನ ಸಹಾಯದಿಂದ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳುವುದು. ಆದರೆ ಅದಕ್ಕೆ ನೆಲದಲ್ಲಿ ಬೇರಿಲ್ಲ. ಹಕ್ಕಿಗಳು ಅದರ ಹಣ್ಣನ್ನು ತಿಂದು, ಅಂಟುಳ್ಳ ಬೀಜವನ್ನು ಮಾವಿನ ಕೊಂಬೆಯ ಮೇಲೆ ಬಿಡುವುವು. ಬೀಜವು ಮೊಳೆತು, ತೊಗಟೆಯನ್ನು ಭೇದಿಸಿ, ತನ್ನ ಹೀರುಬೇರನ್ನು ಒಳಗಣ ಕಟ್ಟಿಗೆಯವರೆಗೆ ಇಳಿಸುವುದು. ಮಾವಿನ ಬೇರು ದುಡಿದು ತಂದ ನೀರನ್ನೂ ಲವಣಗಳನ್ನೂ ನಡುದಾರಿಯಲ್ಲಿಯೇ ಸೆಳೆದುಕೊಳ್ಳುವುದು. ಇದರಿಂದ ಕೊಂಬೆಯ ತುದಿಯು ಸೊರಗಿ ಒಣಗುವುದು, ಫಸಲು ಕುಗ್ಗುವುದು. ದಟ್ಟವಾದ ಆ ಹಸುರನ್ನು ಕಂಡು ಮರವು ಚೆನ್ನಾಗಿದೆಯೆಂದು ಮೋಸಹೋಗಬಾರದು.

ಮೇಲಿನ ಗಿಡವನ್ನು ಮಾತ್ರ ತರಿದರೆ ಒಳಗುಳಿದ ಭಾಗವು ಮರಳಿ ಚಿಗುರುವುದು. ಹಣ್ಣಾಗುವುದಕ್ಕೆ ಮೊದಲೇ, ಅದು ಕಚ್ಚಿದ ಗಂಟಿಗಿಂತ ಕೆಳಗೆ ಕೊಂಬೆಯನ್ನೇ ಕತ್ತರಿಸಿ ತೆಗೆಯಬೇಕು. ಒಬ್ಬನ ತೋಟದಲ್ಲಿ ಉಳಿದ ಬಂದಳಿಕೆಯು ನೆರೆಯ ತೋಪುಗಳಿಗೂ ಬೀಜವನ್ನೊದಗಿಸುವುದು. ಆದುದರಿಂದ ಈ ಕೆಲಸವನ್ನು ಊರವರೆಲ್ಲರೂ ಕೂಡಿ ಮಾಡತಕ್ಕದ್ದು.