ಹಗ್ಗ ಗಟ್ಟಿ ಇದೆಯಾ?



2018ರ ಸೆಪ್ಟೆಂಬರ್ 25ರಂದು ಅಮೆರಿಕದ ನಟ ವಿಲ್ ಸ್ಮಿತ್ ತಮ್ಮ 50ನೇ ಹುಟ್ಟುಹಬ್ಬಕ್ಕೆ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಬಳಿ ಹೆಲಿಕಾಪ್ಟರಿನಿಂದ ಕೆಳಕ್ಕೆ ಜಿಗಿದರು. ಯೂಟ್ಯೂಬಿನಲ್ಲಿ ಜನ ನೇರವಾಗಿ ನೋಡಿದರು. ಶಿಕ್ಷಣಕ್ಕಾಗಿ ಗ್ಲೋಬಲ್ ಸಿಟಿಜನ್ ಸಂಸ್ಥೆಗೆ ಹಣ ಕೂಡಿಸುವುದು ಉದ್ದೇಶವಾಗಿತ್ತು. ಹೆದರಿಕೆ ಇರಲಿಲ್ವಾ? ಇತ್ತು. ಚಿಕ್ಕಂದಿನಲ್ಲಿ ಆ ಕಣಿವೆಯ ಅಂಚಿಗೆ ಹೋಗಲೂ ಹೆದರಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ.

ಅವರನ್ನು ಕಾಯ್ದದ್ದು ಧೈರ್ಯ ಮಾತ್ರವಲ್ಲ, ಮೈಗೆ ಕಟ್ಟಿದ ಹಗ್ಗ.

ಸಾಲ ತೆಗೆದು ಹಸು ಕೊಳ್ಳುವುದೂ ಒಂದು ಜಿಗಿತವೇ ಅಲ್ವಾ? ವಾರದ ಉಳಿತಾಯ, ಸರಿಯಾದ ಲೆಕ್ಕಪುಸ್ತಕ, ಇವೇ ನಮ್ಮ ಹಗ್ಗ. ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಿದರೆ ಹಗ್ಗವಿಲ್ಲದೆ ಜಿಗಿದಂತೆಯೇ. ಸಂಘದ ಒಬ್ಬಳು ಜಿಗಿಯುವ ಮುನ್ನ ನಾವೆಲ್ಲ ಕೂತು ಬಡ್ಡಿ ಎಷ್ಟು, ಕಂತು ಎಷ್ಟು ಅಂತ ಕೇಳೋಣ. ಹಗ್ಗ ಎಳೆದು ನೋಡೋಣ. ಆಮೇಲೆ ಬೆನ್ನು ತಟ್ಟಿ ಕಳಿಸೋಣ.